ಗುನ್ನೆ ಕಬೂಲ್ ಆದ ಮೇಲೆ



ಕೋರ್ಟಿನಲ್ಲಿ ಒಬ್ಬನಿಗೆ ಶಿಕ್ಷೆಯಾಗುತ್ತದೆ. ಜೈಲಾದರೆ ಜೈಲು ಮುಗಿಸಿ ಬರುತ್ತಾನೆ, ದಂಡವಾದರೆ ಕಟ್ಟಿ ರಸೀದಿ ಇಸಿದುಕೊಂಡು ಬರುತ್ತಾನೆ. ಆಮೇಲೆ ಆ ಶಿಕ್ಷೆ ಅವನ ಹೆಸರಿಗೆ ಎಷ್ಟು ವರ್ಷ ಅಂಟಿಕೊಂಡಿರುತ್ತದೆ? ಇವತ್ತಿನ ವಿಷಯ ಇಷ್ಟೇ. ನನ್ನ ವಕೀಲಿ ಕಚೇರಿಗೆ ಬರುವ ಕಕ್ಷಿದಾರರು ಸಾಮಾನ್ಯವಾಗಿ ಇದಕ್ಕೆ ತಾವೇ ಒಂದು ಉತ್ತರ ಇಟ್ಟುಕೊಂಡು ಬಂದಿರುತ್ತಾರೆ. ಕೆಲವರ ಲೆಕ್ಕದಲ್ಲಿ ಮೂರು ವರ್ಷ, ಕೆಲವರ ಲೆಕ್ಕದಲ್ಲಿ ಏಳು. ‘ದಂಡ ಕಟ್ಟಿದ ದಿನಾನೇ ಮುಗೀತಲ್ರಿ’ ಅನ್ನುವವರೇ ಹೆಚ್ಚು. ಯಾವುದೂ ಸರಿಯಲ್ಲ. ಹದಿನೆಂಟು ತುಂಬಿದವರಿಗೆ ಆದ ಶಿಕ್ಷೆ ಇಂಥ ದಿನಕ್ಕೆ ಹಳತಾಯಿತು, ಇನ್ನು ಅದನ್ನು ಯಾರೂ ಕೇಳುವಂತಿಲ್ಲ ಎಂದು ಹೇಳುವ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅರ್ಜಿ ಕೊಟ್ಟು ಆ ದಾಖಲೆಗೆ ಮೊಹರು ಹಾಕಿಸಿ ಮುಚ್ಚಿಸುವ ದಾರಿಯೂ ಇಲ್ಲ. ಅಪೀಲಿನಲ್ಲಿ ಶಿಕ್ಷೆಯೇ ರದ್ದಾದರೆ ಅದು ಬೇರೆ ಮಾತು.

ಈ ಉಪನ್ಯಾಸದ ದತ್ತಿಯ ಕಟ್ಟಳೆ ನಿಮಗೆಲ್ಲ ಗೊತ್ತು. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ಶಿಕ್ಷೆ ಅನುಭವಿಸಿದವನ ಖಾತೆ ಇದಕ್ಕೆ ತಿರುವುಮುರುವು. ಅಸಲನ್ನು ಅವನು ಪೂರ್ತಿ ತೀರಿಸಿದ್ದಾನೆ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಈ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ, ಯಾರಿಗೆ ಮಾಫಿಯಾಗಿದೆ ಎಂಬುದನ್ನು ನೋಡೋಣ.

ಮೊದಲು ಈ ದಾಖಲೆ ಎಲ್ಲೆಲ್ಲಿ ಕೂತಿರುತ್ತದೆ ಎಂದು ತಿಳಿಯಬೇಕು. ಅದು ಒಂದೇ ಕಡೆ ಇರುವುದಿಲ್ಲ. ಠಾಣೆಯಲ್ಲಿ ಗುನ್ನೆ ನಂಬರಿನ ಕೆಳಗೆ ಒಂದು, ಕೋರ್ಟಿನ ರಿಕಾರ್ಡ್ ರೂಮಿನಲ್ಲಿ ತೀರ್ಪಿನ ರೂಪದಲ್ಲಿ ಇನ್ನೊಂದು, ದೇಶದ ಠಾಣೆಗಳನ್ನೆಲ್ಲ ಪೋಣಿಸಿರುವ ಸಿಸಿಟಿಎನ್ಎಸ್ ಎಂಬ ಕಂಪ್ಯೂಟರ್ ಜಾಲದಲ್ಲಿ ಮತ್ತೊಂದು. ಬೆರಳಚ್ಚು, ಫೋಟೊ ತೆಗೆದಿದ್ದರೆ ಅವು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಹೋಗುತ್ತವೆ. 1920ರ ಕೈದಿಗಳ ಗುರುತು ಕಾಯ್ದೆಯನ್ನು ತೆಗೆದು 2022ರಲ್ಲಿ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ತಂದರು. ಅದರ ಪ್ರಕಾರ ಈ ಅಳತೆಗಳನ್ನು ತೆಗೆದುಕೊಂಡ ದಿನದಿಂದ 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗಿರದ ಮನುಷ್ಯ ಎಲ್ಲ ಅಪೀಲುಗಳ ಕೊನೆಗೆ ಖುಲಾಸೆಯಾದರೆ ಅಳಿಸಬೇಕೆಂದಿದೆ. ಶಿಕ್ಷೆಯಾದವನಿಗೆ ಆ ಸವಲತ್ತಿಲ್ಲ. ಇಪ್ಪತ್ತರ ಹುಡುಗನ ಬೆರಳಚ್ಚು ಅವನ ತೊಂಬತ್ತೈದನೇ ವಯಸ್ಸಿನವರೆಗೂ ಭದ್ರವಾಗಿರುತ್ತದೆ. ಅಷ್ಟು ವರ್ಷ ಹುಡುಗನಿರಬೇಕು ಅಷ್ಟೆ.

ಹಿಂದೆ ಕಾಯ್ದೆ ಮಾಡದ ಕೆಲಸವನ್ನು ಗೆದ್ದಲು ಮಾಡುತ್ತಿತ್ತು. ಅವಿಭಜಿತ ಧಾರವಾಡ ಜಿಲ್ಲೆಯ ಕಾಲದಲ್ಲಿ ಹಳೆ ಕಡತ ಬೇಕೆಂದು ನಕಲು ಅರ್ಜಿ ಹಾಕಿದರೆ ಸಿಗದೆ ಹೋಗುವುದು ದೊಡ್ಡ ಸುದ್ದಿಯೇನಾಗಿರಲಿಲ್ಲ. ಮಳೆ ನೀರು, ಹುಳ, ಕಚೇರಿ ಬದಲಾವಣೆ, ಗುಮಾಸ್ತನ ಬೇಸರ, ಎಲ್ಲ ಸೇರಿ ಊರು ಹಳೆಯದನ್ನು ಮರೆಯುತ್ತಿತ್ತು. ಈಗ ಇ-ಕೋರ್ಟ್ಸ್ ಜಾಲತಾಣಕ್ಕೆ ಹೋಗಿ ಜಿಲ್ಲೆ ಆರಿಸಿ, ಕೋರ್ಟು ಆರಿಸಿ, ಹೆಸರು ಮತ್ತು ವರ್ಷ ಒತ್ತಿದರೆ ಸಾಕು, ಪಟ್ಟಿ ಎದುರಿಗೆ ಬರುತ್ತದೆ. ವಕೀಲರಿಗೆ ಇದು ದೊಡ್ಡ ಅನುಕೂಲ, ನಾನೂ ದಿನಾ ಬಳಸುತ್ತೇನೆ. ಆದರೆ ಅದೇ ಪಟ್ಟಿಯನ್ನು ಹೆಣ್ಣು ಕೊಡುವವರೂ ನೋಡುತ್ತಾರೆ, ಸಾಲ ಕೊಡುವವರೂ ನೋಡುತ್ತಾರೆ, ಊರಿನ ಹಗೆಯವನೂ ನೋಡುತ್ತಾನೆ.

ಇನ್ನು ನಮ್ಮ ಹಾವೇರಿ ಭಾಗದ ಮುಖ್ಯ ಸಂಗತಿಗೆ ಬರುತ್ತೇನೆ. ಶಿಕ್ಷೆಯಾದವರು ಎಂದ ಕೂಡಲೇ ನಮ್ಮ ಕಣ್ಣಿಗೆ ಕೊಲೆಗಾರನೋ ದರೋಡೆಕೋರನೋ ಬರುತ್ತಾನೆ. ತಾಲ್ಲೂಕು ಕೋರ್ಟುಗಳಲ್ಲಿ ಶಿಕ್ಷೆ ಹೊತ್ತುಕೊಂಡು ಹೋಗುವವರಲ್ಲಿ ಅಂಥವರು ಕಡಿಮೆ. ದೀಪಾವಳಿಯಲ್ಲೋ ಪಂಚಮಿಯಲ್ಲೋ ಊರ ಹೊರಗಿನ ಹುಣಸೆ ಗಿಡದ ಕೆಳಗೆ ನಾಲ್ಕು ಮಂದಿ ಅಂದರ್ ಬಾಹರ್ ಆಡುತ್ತ ಕೂತಿರುತ್ತಾರೆ. ಪೊಲೀಸರು ಬಂದು ಹಣ, ಎಲೆ, ಹಾಸಿದ ಪೇಪರು ಜಪ್ತಿ ಮಾಡುತ್ತಾರೆ. ‘ತಮ್ಮ ಫಾಯ್ದೆಗೋಸ್ಕರ’ ಎಂದು ಶುರುವಾಗುವ ಫಿರ್ಯಾದಿಯ ಒಕ್ಕಣೆ ಇಲ್ಲಿನ ವಕೀಲರಿಗೆಲ್ಲ ಬಾಯಿಪಾಠ. ಕೇಸು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮು. ಓಸಿ, ಮಟ್ಕಾ ಆದರೆ 78. ಇವರ ಪಕ್ಕದಲ್ಲೇ ಕುಡಿದು ಬೈಕು ಓಡಿಸಿದವನು, ಬಸ್ ಸ್ಟ್ಯಾಂಡಿನಲ್ಲಿ ಗದ್ದಲ ಮಾಡಿದವನು, ಬಾಂದಿನ ಜಗಳದಲ್ಲಿ ತಮ್ಮನಿಗೆ ಎರಡೇಟು ಹಾಕಿದವನು ನಿಂತಿರುತ್ತಾರೆ.

ಇವರಿಗೆ ಬೇಕಾದದ್ದು ತೀರ್ಪಲ್ಲ, ಬಿಡುಗಡೆ. ಬ್ಯಾಡಗಿ ಪೇಟೆಯ ಹಮಾಲನಿಗೆ ಸೋಮವಾರ, ಗುರುವಾರ ಕೋರ್ಟಿನ ತಾರೀಖು ಬಂದರೆ ಮೆಣಸಿನಕಾಯಿ ಟೆಂಡರಿನ ದಿನದ ದುಡಿಮೆಯೇ ಹೋಯಿತು. ನಾಲ್ಕು ತಾರೀಖಿಗೆ ಅಲೆಯುವ ಬದಲು ಒಂದು ದಿನ ಕೈಕಟ್ಟಿ ನಿಂತು ‘ಕಬೂಲ್ ಐತ್ರಿ ಸಾಹೇಬ್ರ’ ಅಂದುಬಿಟ್ಟರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಲೋಕ ಅದಾಲತ್ತಿನ ದಿನ ಇಂಥವು ಸರಸರನೆ ವಿಲೇವಾರಿಯಾಗುತ್ತವೆ. ಮರುದಿನದ ಪತ್ರಿಕೆಯಲ್ಲಿ ಸಂಖ್ಯೆ ಬರುತ್ತದೆ, ಎಲ್ಲರಿಗೂ ಸಂತೋಷ. ಯಾರೂ ಅವನಿಗೆ ಹೇಳದ ಮಾತೆಂದರೆ, ಕಬೂಲಿಯ ಮೇಲೆ ಕಟ್ಟಿದ ಆ ದಂಡವೂ ಒಂದು ಶಿಕ್ಷೆ. ಕಾನೂನಿನ ಕಣ್ಣಿನಲ್ಲಿ ಅವನು ಇಂದಿನಿಂದ ಅಪರಾಧಿ. ಮೇಲಾಗಿ, ತಾನೇ ಕಬೂಲ್ ಮಾಡಿದವನಿಗೆ ಶಿಕ್ಷೆಯ ಪ್ರಮಾಣ, ಅದರ ಕಾನೂನುಬದ್ಧತೆ ಬಿಟ್ಟು ಬೇರೆ ವಿಷಯಕ್ಕೆ ಅಪೀಲಿನ ಹಕ್ಕೂ ಇರುವುದಿಲ್ಲ.

ಇಲ್ಲೊಂದು ವ್ಯತ್ಯಾಸವನ್ನು ಕಾಲೇಜಿನ ಮಕ್ಕಳು ಗುರುತು ಹಾಕಿಕೊಳ್ಳಬೇಕು. ರಾಜಿ ಬೇರೆ, ಕಬೂಲಿ ಬೇರೆ. ಹೊಡೆದಾಟ, ಬೈಗುಳ, ಚೆಕ್ ಬೌನ್ಸ್‌ನಂಥ ರಾಜಿಯಾಗಬಹುದಾದ ಕೇಸಿನಲ್ಲಿ ಇಬ್ಬರೂ ಸಹಿ ಹಾಕಿದರೆ ಅದರ ಫಲ ಖುಲಾಸೆ. ಹಳೆ ಸಿಆರ್‌ಪಿಸಿಯ 320ರಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 359ರಲ್ಲೂ ಇದೆ. ಟ್ರಾಫಿಕ್ ಪೊಲೀಸರ ಕೈಯಲ್ಲಿ ಸ್ಥಳದಲ್ಲೇ ಕಟ್ಟುವ ಹೆಲ್ಮೆಟ್ ದಂಡವೂ ಒಂದು ಬಗೆಯ ರಾಜಿಯೇ. ಆದರೆ ಕುಡಿದು ಓಡಿಸಿದ ಕೇಸು ಕೋರ್ಟಿಗೇ ಹೋಗಬೇಕು, ಅಲ್ಲಿ ಒಪ್ಪಿಕೊಂಡರೆ ಅದು ಶಿಕ್ಷೆ. ಒಂದೇ ದಿನ, ಒಂದೇ ಕೋರ್ಟಿನ ಹಾಲಿನಿಂದ ಇಬ್ಬರು ಹೊರಬರುತ್ತಾರೆ, ಇಬ್ಬರ ಮುಖದಲ್ಲೂ ಒಂದೇ ನಿರಾಳ. ತಮ್ಮನ ತಲೆ ಒಡೆದು ರಾಜಿಯಾದವನ ದಾಖಲೆಯಲ್ಲಿ ‘ಖುಲಾಸೆ’. ಇಸ್ಪೀಟು ಆಡಿ ಸಿಕ್ಕವನ ದಾಖಲೆಯಲ್ಲಿ ‘ಶಿಕ್ಷೆ’. ಮ್ಯಾಜಿಸ್ಟ್ರೇಟರ ಅನುಮತಿ ಪಡೆಯದೆ ತನಿಖೆ ನಡೆಸಿದ್ದಾರೆಂಬ ಕಾರಣಕ್ಕೆ ಜೂಜಿನ ಕೇಸುಗಳನ್ನು ಹೈಕೋರ್ಟು ಎಷ್ಟೋ ಸಲ ರದ್ದು ಮಾಡಿದೆ. ಧಾರವಾಡ ಪೀಠದವರೆಗೆ ಹೋಗುವ ಶಕ್ತಿ ಇದ್ದವರು ಬಚಾವಾದರು. ಉಳಿದವರು ಮುನ್ನೂರೋ ಐನೂರೋ ಕಟ್ಟಿ ಮನೆಗೆ ಹೋದರು.

ಈ ಶಿಕ್ಷೆ ಮುಂದೆ ಎಲ್ಲಿ ಎದುರಾಗುತ್ತದೆ? ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ನಡತೆಯ ಪರಿಶೀಲನೆ ಕೇಳುತ್ತದೆ. ಬೆಂಗಳೂರಿನ ಕಂಪನಿ ಕ್ಯಾಬು ಓಡಿಸಬೇಕೆಂದರೆ ಪೊಲೀಸ್ ವೆರಿಫಿಕೇಶನ್ ಬೇಕು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಸರ್ಕಾರಿ ನೌಕರಿಯ ದೃಢೀಕರಣ ನಮೂನೆ ಇನ್ನೂ ಗಟ್ಟಿ. ‘ಎಂದಾದರೂ’ ಬಂಧನವಾಗಿದೆಯೆ, ಮೊಕದ್ದಮೆ ನಡೆದಿದೆಯೆ, ದಂಡವಾಗಿದೆಯೆ ಎಂದು ಅದು ಕೇಳುತ್ತದೆ. ಎಂದಾದರೂ ಎಂಬುದಕ್ಕೆ ಕೊನೆ ಎಲ್ಲಿದೆ? ಐನೂರು ರೂಪಾಯಿ ಕಟ್ಟಿ ಮರೆತುಬಿಟ್ಟ ಹುಡುಗ ‘ಇಲ್ಲ’ ಎಂದು ಬರೆಯುತ್ತಾನೆ. ಠಾಣೆಯಿಂದ ವರದಿ ‘ಇದೆ’ ಎಂದು ಬರುತ್ತದೆ. ಈಗ ಅವನ ತಪ್ಪು ಇಸ್ಪೀಟಲ್ಲ, ಸುಳ್ಳು.

ಇದರ ಬಗ್ಗೆ ಸುಪ್ರೀಂ ಕೋರ್ಟು 2016ರ ಜುಲೈನಲ್ಲಿ, ಅವತಾರ್ ಸಿಂಗ್ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠದಿಂದ ವಿವರವಾಗಿ ಹೇಳಿದೆ. ಮಾಹಿತಿ ಸತ್ಯವಾಗಿರಬೇಕು. ಮುಚ್ಚಿಟ್ಟದ್ದು ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಸಂಗತಿಯಾಗಿದ್ದರೆ ನೇಮಕ ಮಾಡುವವರು ಅದನ್ನು ಮನ್ನಿಸಬಹುದು. ಸತ್ಯ ಹೇಳಿದವನನ್ನೂ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯ ಇಲ್ಲ. ಅದಕ್ಕೂ ಹಿಂದೆ, 2011ರಲ್ಲಿ, ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಬಂದ ಒಬ್ಬ ಯುವಕನ ಪ್ರಕರಣದಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊನ ಜೀನ್ ವಾಲ್‌ಜೀನ್‌ನನ್ನು ನೆನೆದಿದ್ದರು. ಹಸಿದವರಿಗಾಗಿ ರೊಟ್ಟಿ ಕದ್ದು ಜೀವನವಿಡೀ ಕಳ್ಳನೆನಿಸಿಕೊಂಡವನ ಕಥೆ ಅದು. ನನಗೆ ಈ ಎರಡು ತೀರ್ಪುಗಳಲ್ಲಿ ಹಳೆಯದೇ ಹೆಚ್ಚು ಇಷ್ಟ. ಆದರೆ ಕಕ್ಷಿದಾರರಿಗೆ ಸಲಹೆ ಕೊಡುವಾಗ ಹೊಸದನ್ನೇ ಓದಿ ಹೇಳುತ್ತೇನೆ. ಏನೇ ಇರಲಿ, ನಮೂನೆಯಲ್ಲಿ ಇದ್ದದ್ದನ್ನು ಬರೆಯಿರಿ.

ಈಗ ಬಡ್ಡಿ ಮಾಫಿ ಆದವರ ಪಟ್ಟಿ. ಜನಪ್ರಾತಿನಿಧ್ಯ ಕಾಯ್ದೆ 1951ರ 8ನೇ ಕಲಮು: ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಶಾಸಕ, ಸಂಸದ ಅನರ್ಹನಾಗುತ್ತಾನೆ. ಎಷ್ಟು ದಿನ? ಶಿಕ್ಷೆಯ ಅವಧಿ ಮತ್ತು ಬಿಡುಗಡೆಯ ನಂತರ ಆರು ವರ್ಷ. ಏಳನೇ ವರ್ಷಕ್ಕೆ ಅವನು ಮತ್ತೆ ಮತ ಕೇಳಬಹುದು, ಗೆದ್ದರೆ ಕಾನೂನು ಮಾಡಬಹುದು. ಜೀವನಪೂರ್ತಿ ನಿಷೇಧ ಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಂದಾಗ ಕೇಂದ್ರ ಸರ್ಕಾರ 2025ರ ಫೆಬ್ರುವರಿಯಲ್ಲಿ ಅದನ್ನು ವಿರೋಧಿಸಿ ಪ್ರಮಾಣಪತ್ರ ಹಾಕಿತು. ದಂಡನೆಗೆ ಕಾಲಮಿತಿ ಇರುವುದು ಸಹಜ, ಮಿತಿಯಿದ್ದರೆ ಭಯವೂ ಉಳಿಯುತ್ತದೆ, ಅತಿ ಕಠೋರತೆಯೂ ತಪ್ಪುತ್ತದೆ ಎಂಬುದು ಅದರ ವಾದದ ಸಾರ. ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದೇ ಮಾತನ್ನು ಸರ್ಕಾರ ಕ್ಯಾಬು ಡ್ರೈವರನ ಪರವಾಗಿಯೂ ಯಾವಾಗ ಹೇಳುತ್ತದೆ ಎಂದು ಕಾಯುತ್ತಿದ್ದೇನೆ.

ಪಾಸ್‌ಪೋರ್ಟಿನದೂ ಹಾಗೆಯೇ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ನಿರಾಕರಿಸಬಹುದು, ಅದೂ ಅರ್ಜಿಯ ಹಿಂದಿನ ಐದು ವರ್ಷದೊಳಗೆ ಆಗಿದ್ದರೆ. ಅಂದರೆ ನಮ್ಮ ಕಾಯ್ದೆಗಳಿಗೆ ಮರೆಯುವುದು ಗೊತ್ತಿಲ್ಲ ಎನ್ನುವಂತಿಲ್ಲ. ವಿಮಾನ ಹತ್ತುವವರ ವಿಷಯದಲ್ಲಿ ಐದು ವರ್ಷಕ್ಕೆ ಮರೆಯುತ್ತವೆ, ವಿಧಾನಸೌಧದ ಮೆಟ್ಟಿಲು ಹತ್ತುವವರ ವಿಷಯದಲ್ಲಿ ಆರು ವರ್ಷಕ್ಕೆ.

ಕೇಸು ಶಿಕ್ಷೆಯವರೆಗೆ ಹೋಗದಂತೆ ತಡೆಯುವ ಇನ್ನೊಂದು ಬಾಗಿಲಿದೆ, ಸರ್ಕಾರವೇ ಮೊಕದ್ದಮೆ ಹಿಂಪಡೆಯುವುದು. ಹಾವೇರಿಗೆ ಇದು ದೂರದ ಮಾತಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ಬಂದ ರೈತರ ಮೇಲೆ ಇದೇ ಊರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಬಂಧನಗಳಾದವು. ಇಂಥ ಗಲಾಟೆಗಳ ಎಫ್‌ಐಆರ್‌ನಲ್ಲಿ ಕಲ್ಲು ಎಸೆದವನ ಪಕ್ಕದಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತವನ ಹೆಸರೂ ಸೇರುವುದುಂಟು. ಹೋರಾಟದ ಕೇಸುಗಳನ್ನು ಹಿಂಪಡೆಯಿರಿ ಎಂದು ಸಂಘಟನೆಗಳು ಒತ್ತಾಯಿಸುತ್ತವೆ, ಸಂಪುಟ ಒಪ್ಪುತ್ತದೆ, ಸರ್ಕಾರಿ ಅಭಿಯೋಜಕರು ಕೋರ್ಟಿನ ಸಮ್ಮತಿ ಕೇಳುತ್ತಾರೆ. ಇದೂ ಯಾವಾಗಲೂ ನಡೆಯುವುದಿಲ್ಲ. ಹಳೆ ಹುಬ್ಬಳ್ಳಿ ಠಾಣೆಯ ಗಲಭೆ ಸೇರಿ 43 ಕೇಸು ಹಿಂಪಡೆಯುವ 2024ರ ಆದೇಶವನ್ನು ಹೈಕೋರ್ಟು 2025ರ ಮೇ ತಿಂಗಳಲ್ಲಿ ರದ್ದು ಮಾಡಿತು. ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನನಗೆ ಕಾಣುವುದಿಷ್ಟು: ಗುಂಪಾಗಿ ಕೇಳುವವರಿಗೆ ಒಂದು ಬಾಗಿಲಾದರೂ ಇದೆ. ಇಸ್ಪೀಟು ಆಡುವವರಿಗೆ ಸಂಘವಿಲ್ಲ.

ಇರುವ ಕಾಯ್ದೆಯಲ್ಲೇ ನಾವು ಬಳಸದೆ ಬಿಟ್ಟಿರುವ ಒಂದು ಆಯುಧದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಕೋರ್ಟಿನ ಮಾತಿನಲ್ಲಿ ಪ್ರೊಬೇಷನ್ ಆಕ್ಟ್. 3ನೇ ಕಲಮಿನಲ್ಲಿ ಸಣ್ಣ ಅಪರಾಧದ ಮೊದಲ ಸಲದವನನ್ನು ಎಚ್ಚರಿಕೆ ಕೊಟ್ಟು ಕಳಿಸಬಹುದು. 4ನೇ ಕಲಮಿನಲ್ಲಿ ಮೂರು ವರ್ಷ ಮೀರದಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ತುಂಬದವನನ್ನು ಜೈಲಿಗೆ ಕಳಿಸಬೇಕೆಂದರೆ 6ನೇ ಕಲಮಿನ ಪ್ರಕಾರ ನ್ಯಾಯಾಧೀಶರು ಕಾರಣ ಬರೆಯಬೇಕು. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು 12. ಹೀಗೆ ಬಿಟ್ಟವನಿಗೆ, ಬೇರೆ ಯಾವ ಕಾನೂನಿನಲ್ಲಿ ಶಿಕ್ಷೆಯ ಕಾರಣಕ್ಕೆ ಅನರ್ಹತೆ ಬರುತ್ತಿದ್ದರೂ ಅದು ತಟ್ಟುವುದಿಲ್ಲ. ದಾಖಲೆ ಅಳಿಯುವುದಿಲ್ಲ ನಿಜ, ಅದರ ಹಲ್ಲು ಕೀಳುತ್ತದೆ. ಪೂರ್ತಿಯಲ್ಲ. ಈಗಾಗಲೇ ನೌಕರಿಯಲ್ಲಿದ್ದವನ ಮೇಲೆ ಇಲಾಖೆ ಅದೇ ನಡತೆಗಾಗಿ ಕ್ರಮ ಕೈಗೊಳ್ಳುವುದನ್ನು 12 ತಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 1975ರಿಂದಲೂ ಹೇಳಿಕೊಂಡು ಬಂದಿದೆ.

ಬ್ಯಾಡಗಿಯ ಒಬ್ಬ ಹುಡುಗ ಅರ್ಧ ಚೀಲ ಒಣ ಮೆಣಸಿನಕಾಯಿ ಹೊತ್ತುಕೊಂಡು ಹೋದ ಅಂತ ಇಟ್ಟುಕೊಳ್ಳಿ. ಮಾಲು ವಾಪಸಾಯಿತು, ಬೆಲೆ ಐದು ಸಾವಿರದೊಳಗೆ, ಮೊದಲ ಸಲ. ಹೊಸ ನ್ಯಾಯ ಸಂಹಿತೆಯ 303ರಲ್ಲಿ ಅವನಿಗೆ ಜೈಲಿಲ್ಲ, ಸಮುದಾಯ ಸೇವೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಸಮುದಾಯ ಸೇವೆಯೂ ಶಿಕ್ಷೆಗಳ ಪಟ್ಟಿಯಲ್ಲೇ ಇರುವುದರಿಂದ ಕಸ ಗುಡಿಸಿ ಮುಗಿಸಿದ ಮೇಲೂ ಅವನು ಕಳ್ಳತನಕ್ಕೆ ಶಿಕ್ಷೆಯಾದವನು. ಅವನ ವಕೀಲ ಎದ್ದು ನಿಂತು ಪ್ರೊಬೇಷನ್ ಕಾಯ್ದೆಯ 3ನೇ ಕಲಮು ಅನ್ವಯಿಸಿ ಎಂದು ಒಂದು ಮೆಮೊ ಹಾಕಿದರೆ 12ರ ರಕ್ಷಣೆ ಸಿಗುವ ಅವಕಾಶವಿತ್ತು. ಬಹಳ ಸಲ ಮೆಮೊ ಹಾಕುವವರೂ ಇಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 402 ಕೇಳುವ ‘ಯಾಕೆ ಪ್ರೊಬೇಷನ್ ಕೊಡಲಿಲ್ಲ’ ಎಂಬ ವಿಶೇಷ ಕಾರಣವನ್ನು ಬರೆಯಿರಿ ಎಂದು ಜ್ಞಾಪಿಸುವವರೂ ಇಲ್ಲ. ಹೆದ್ದಾರಿಯ ಡ್ರೈವರುಗಳಿಗೆ ಮಾತ್ರ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ನಿರ್ಲಕ್ಷ್ಯದ ಚಾಲನೆಯಿಂದ ಸಾವಾದ ಕೇಸಿನಲ್ಲಿ ಪ್ರೊಬೇಷನ್ ಸಲ್ಲದು ಎಂದು 2000ದಲ್ಲಿ ಸುಪ್ರೀಂ ಕೋರ್ಟು ಖಡಕ್ಕಾಗಿ ಹೇಳಿದೆ. ಮೋಟೆಬೆನ್ನೂರಿನಿಂದ ರಾಣೆಬೆನ್ನೂರಿನವರೆಗೆ ಆ ರಸ್ತೆಯಲ್ಲಿ ಸತ್ತವರ ಮನೆಗಳನ್ನು ಬಲ್ಲ ನಾನು ಅದನ್ನು ತಪ್ಪೆನ್ನಲಾರೆ.

ಮಕ್ಕಳ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ. 2015ರ ಬಾಲ ನ್ಯಾಯ ಕಾಯ್ದೆ ಹೊಸ ಆರಂಭವನ್ನೇ ಒಂದು ತತ್ತ್ವವೆಂದು ಬರೆದುಕೊಂಡಿದೆ. ಅಪೀಲಿನ ಅವಧಿ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚು ಇಡಬೇಡಿ, ನಾಶಮಾಡಿ ಎಂದು 2016ರ ಮಾದರಿ ನಿಯಮ ಹೇಳುತ್ತದೆ. 16 ದಾಟಿ ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಯಾದವರು ಮಾತ್ರ ಇದರ ಹೊರಗೆ. ನಡತೆ ಪ್ರಮಾಣಪತ್ರ ಕೊಡುವಾಗ ಮುಗಿದ ಬಾಲ ಪ್ರಕರಣವನ್ನು ಪೊಲೀಸರು ಹೇಳುವಂತಿಲ್ಲ ಎಂದು 74ನೇ ಕಲಮಿದೆ. ಜನರಲ್ಲಿ ಓಡಾಡುವ ‘ಏಳು ವರ್ಷ’ ಬಹುಶಃ ಇಲ್ಲಿಂದ ಬಂದಿರಬೇಕು.

ದಾಖಲೆಯ ಕ್ರೌರ್ಯ ನಮಗೆ ಹೊಸದಲ್ಲ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು 1911ರಲ್ಲಿ ಮುಂಬಯಿ ಪ್ರಾಂತಕ್ಕೂ ತಂದರು. ಆಗ ಧಾರವಾಡ ಜಿಲ್ಲೆಯ ಭಾಗವಾಗಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ನಮ್ಮ ಮೂರೂ ಊರು ಅದರೊಳಗೆ ಬಂದವು. ಅಪರಾಧವನ್ನೇ ಮಾಡದವರ ಹೆಸರೂ ಹುಟ್ಟಿನಿಂದಲೇ ರಿಜಿಸ್ಟರಿಗೆ ಸೇರಿತು, ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ತಂತಿಬೇಲಿಯ ವಸಾಹತುಗಳಾದವು. ಅಲ್ಲಿನ ಬಡಾವಣೆಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ಹೋಯಿತು. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಸರ್ಕಾರದ ಸೌಲಭ್ಯ ಪಡೆಯಲು ಆ ಸಮುದಾಯದ ಮಗು ತಹಶೀಲ್ದಾರರ ಮೊಹರಿರುವ ಕಾಗದದಲ್ಲಿ ಚೋರ ಎಂಬ ಅಕ್ಷರ ಹೊತ್ತುಕೊಂಡು ಶಾಲೆಗೆ ಹೋಗಬೇಕು. ಜೈಲಿನ ರಿಜಿಸ್ಟರಿನ ಜಾತಿ ಕಲಂ ತೆಗೆಯಿರಿ, ಆ ಕಾಯ್ದೆಯಿಂದ ಹೊರಬಂದ ವಿಮುಕ್ತ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂದು ಎಣಿಸಬೇಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಅದೇ ವರ್ಷದ ಮೇ ತಿಂಗಳಲ್ಲಿ, ಹಿಂದುಳಿದ ಸಮುದಾಯದವರೆಂಬ ಕಾರಣಕ್ಕೆ ಅಮಾಯಕರ ಹೆಸರು ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಏರುವುದನ್ನು ತಡೆಯಿರಿ ಎಂದು ಎಲ್ಲ ರಾಜ್ಯಗಳಿಗೂ ತಿಳಿಸಿತ್ತು. ಗಣೇಶ ಹಬ್ಬಕ್ಕೆ ಮುಂಚೆ ಠಾಣೆಯ ಅಂಗಳದಲ್ಲಿ ನಡೆಯುವ ರೌಡಿ ಪರೇಡಿನಲ್ಲಿ ನಿಂತ ನರೆಗೂದಲಿನವರನ್ನು ಕಂಡಾಗೆಲ್ಲ, ಇವರ ಶೀಟು ತೆರೆದದ್ದು ಯಾವ ಕಾಲದಲ್ಲೋ ಎಂದು ನನಗೆ ಅನ್ನಿಸುತ್ತದೆ.

ಶಿಕ್ಷೆಯ ದಾಖಲೆ ಗೌರವವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜತೆ ನಡೆದವರು, ಜೈಲು ಕಂಡವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜತೆ ಗುಂಡಿಗೆ ಬಲಿಯಾದರು. ಬ್ರಿಟಿಷರ ಕಡತದಲ್ಲಿ ಅವರು ಸಜಾ ಆದ ಅಪರಾಧಿ. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರು ಮಾಡಿದಾಗ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸದ ದಾಖಲೆ ಕೇಳಿತು. ನಮ್ಮ ಹಳ್ಳಿಗಳ ಮುದುಕರು ಜೈಲು ಸರ್ಟಿಫಿಕೇಟಿಗಾಗಿ ಅಲೆದರು. ಕಡತ ಸಿಗದವರು ಜತೆಯಲ್ಲಿ ಸೆರೆಯಲ್ಲಿದ್ದವರಿಂದ ಬರೆಸಿಕೊಂಡು ಬಂದರು. ಹನ್ನೆರಡನೇ ಶತಮಾನಕ್ಕೆ ಹೋದರೆ ಕನ್ನದ ಮಾರಿತಂದೆ ಸಿಗುತ್ತಾನೆ. ಕನ್ನ ಕೊರೆಯುತ್ತಿದ್ದವನು ಶರಣನಾದ. ಕನ್ನ ಅವನ ಹೆಸರಿನಲ್ಲೇ ಉಳಿಯಿತು, ಅನುಭವ ಮಂಟಪದ ಬಾಗಿಲು ಅದಕ್ಕಾಗಿ ಮುಚ್ಚಲಿಲ್ಲ. ಅಲ್ಲಿ ಅವನ ಹಿಂದಿನದನ್ನು ಯಾರೂ ಮರೆಮಾಡಲಿಲ್ಲ, ಅದನ್ನು ಹಿಡಿದು ಯಾರೂ ಅವನನ್ನು ಅಳೆಯಲೂ ಇಲ್ಲ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು ಸಿಟ್ಟಾಗಿರಬಹುದು. ಮಗಳನ್ನು ಕಳೆದುಕೊಂಡ ತಾಯಿಗೆ ಮರೆಯುವ ಹಕ್ಕಿನ ಪಾಠ ಹೇಳುತ್ತೀರಾ? ಇಲ್ಲ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ, ಕೊಲೆ, ಜಾತಿ ದೌರ್ಜನ್ಯ, ಪದೇ ಪದೇ ಮಾಡಿದ ವಂಚನೆ, ಇವನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಶಾಲೆಯ ಆಯಾಳನ್ನೋ ಹಾಸ್ಟೆಲಿನ ವಾರ್ಡನ್‌ನನ್ನೋ ತೆಗೆದುಕೊಳ್ಳುವವರು ಹಿಂದಿನದನ್ನು ನೋಡಲೇಬೇಕು. ಇಲ್ಲೊಂದು ಗೆರೆ ಎಳೆಯುವುದು ಸಾಧ್ಯ. ಮೊಹರು ಹಾಕುವುದೆಂದರೆ ಸುಟ್ಟುಹಾಕುವುದಲ್ಲ. ಪೊಲೀಸರಿಗೆ, ಕೋರ್ಟಿಗೆ ದಾಖಲೆ ಇರಲಿ. 2018ರಿಂದ ಇರುವ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವೂ ಹಾಗೇ, ಅದನ್ನು ಪೊಲೀಸರು ಮಾತ್ರ ನೋಡಬಹುದು. ನನ್ನ ಪ್ರಶ್ನೆ ಕಿರಾಣಿ ಅಂಗಡಿಯವನಿಗೆ, ಕಂಪನಿಯ ಎಚ್‌ಆರ್‌ಗೆ, ಬೀಗರಿಗೆ ಅದು ಯಾಕೆ ಬೇಕು ಎಂಬುದು.

ಬ್ರಿಟನ್ನಿನಲ್ಲಿ 1974ರಿಂದಲೇ ಇಂಥ ಕಾಯ್ದೆ ಇದೆ. ಈಗ ಅಲ್ಲಿನ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ದಂಡದ ಶಿಕ್ಷೆ ಒಂದು ವರ್ಷಕ್ಕೆ, ಒಂದು ವರ್ಷದವರೆಗಿನ ಜೈಲು ಶಿಕ್ಷೆಯ ಪೂರ್ತಿ ಅವಧಿ ಮುಗಿದ ಒಂದು ವರ್ಷಕ್ಕೆ, ನಾಲ್ಕು ವರ್ಷದವರೆಗಿನದು ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಸೂಕ್ಷ್ಮ ಹುದ್ದೆಗಳಿಗೆ ಮಾತ್ರ ವಿನಾಯಿತಿ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ 2018ರ ಕಾಯ್ದೆಯಿಂದ ಅರ್ಜಿಯನ್ನೂ ಕೇಳದೆ ಕಂಪ್ಯೂಟರಿನಿಂದಲೇ ಸಣ್ಣ ದಾಖಲೆಗಳಿಗೆ ಮೊಹರು ಹಾಕತೊಡಗಿತು. ಆ ದೇಶದ ವೀಸಾ ನಮೂನೆ ಮಾತ್ರ ಕ್ಷಮಾದಾನವಾಗಿದ್ದರೂ ಹೇಳಿ ಎನ್ನುತ್ತದೆ, ಹೋಗುವವರು ಗಮನಿಸಿ.

ನಮ್ಮಲ್ಲಿ ದೆಹಲಿಯೇ ಎಲ್ಲ ಮಾಡಬೇಕೆಂದೇನಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದದ್ದು 2017ರ ಆಗಸ್ಟ್ 24ರಂದು, ಹಾವೇರಿ ಜಿಲ್ಲೆಯಾಗಿ ಸರಿಯಾಗಿ 20 ವರ್ಷ ತುಂಬಿದ ದಿನ. ಅದೇ ವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟು, ಒಬ್ಬ ಹೆಣ್ಣುಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ಮಾಡಿ ಎಂದು ರಿಜಿಸ್ಟ್ರಿಗೆ ಹೇಳಿತ್ತು. ಕರ್ನಾಟಕ ಪೊಲೀಸ್ ಕಾಯ್ದೆ ರಾಜ್ಯದ್ದು. ಅದರ ಜೂಜಿನ ಅಧ್ಯಾಯಕ್ಕೆ, ದಂಡ ಮಾತ್ರ ಆದ ಶಿಕ್ಷೆಯನ್ನು ಎರಡು ವರ್ಷದ ನಂತರ ನಡತೆ ವರದಿಯಲ್ಲಿ ಕಾಣಿಸುವಂತಿಲ್ಲ ಎಂಬ ಒಂದು ಕಲಮನ್ನು ವಿಧಾನಸಭೆ ಸೇರಿಸಬಹುದು. ಸೇವಾ ಸಿಂಧುವೂ ರಾಜ್ಯದ್ದೇ. ವರದಿಯಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದಕ್ಕೆ ಸುತ್ತೋಲೆ ಸಾಕು. ಇನ್ನು ಕೇಂದ್ರದ ಕಾಯ್ದೆಗಳ ಮಾತು: ಮೊದಲ ಸಲ ಎರಡು ವರ್ಷದೊಳಗಿನ ಶಿಕ್ಷೆಯಾಗಿ ಮತ್ತೆ ತಪ್ಪು ಮಾಡದವರ ದಾಖಲೆಗೆ ಅವು ಮೊಹರು ಹಾಕಲಿ. ಶಾಸಕರಿಗೆ ಸಾಕಾದ ಆರು ವರ್ಷ ಹಮಾಲನಿಗೂ ಸಾಕು.

ಅಲ್ಲಿಯವರೆಗೆ ನಮ್ಮ ಮೂರೂ ಊರಿನ ವಕೀಲರ ಸಂಘಗಳ ಕೈಯಲ್ಲಿರುವ ಕೆಲಸವೊಂದಿದೆ. ಮುಂದಿನ ಲೋಕ ಅದಾಲತ್ತಿನ ದಿನ ಕಬೂಲಿಗೆ ಸಾಲು ನಿಲ್ಲುವವರ ಕೈಗೆ ಒಂದು ಕಾಗದ ಕೊಡೋಣ. ಅದರಲ್ಲಿ ನಾಲ್ಕು ಸಾಲು ಇರಲಿ: ನೀವು ಒಪ್ಪಿಕೊಂಡರೆ ಅದು ಶಿಕ್ಷೆ; ರಾಜಿಗೆ ಬರುವ ಕೇಸಾದರೆ ರಾಜಿ ಕೇಳಿ; ಮೊದಲ ಸಲವಾದರೆ ಪ್ರೊಬೇಷನ್ ಕೇಳಿ; ವಕೀಲರಿಲ್ಲದಿದ್ದರೆ ಕಾನೂನು ಸೇವಾ ಸಮಿತಿಯ ಕೋಣೆ ಇಂಥಲ್ಲಿದೆ. ಪ್ರೊಬೇಷನ್ ಕಾಯ್ದೆಯ 3 ಮತ್ತು 12ನೇ ಕಲಮಿನ ಮೆಮೊದ ಮಾದರಿಯನ್ನು ಕನ್ನಡದಲ್ಲೇ ಬರೆದು ತಂದಿದ್ದೇನೆ. ಒಂದು ಪುಟವೂ ಇಲ್ಲ. ಬೇಕಾದವರು ಸಭೆ ಮುಗಿದ ಮೇಲೆ ಇಸಿದುಕೊಳ್ಳಿ, ತಿದ್ದಬೇಕಾದ್ದಿದ್ದರೆ ತಿದ್ದಿ ಕೊಡಿ.